‘ಎಲ್ ಚಾವೊ ದೆಲ್ ಒಚೊ’: ಅದೇ ಜೋಕು, ಅದೇ ಕಪಾಳಮೋಕ್ಷ, ಆದರೂ ನಗು ಯಾಕೆ ಬರುತ್ತೆ?

ಹ್ಯೂಸ್ಟನ್‌ವಾಸಿ
ಮೆಕ್ಸಿಕೋದ ಹಳೆಯ ಟಿವಿ ಹಾಸ್ಯ ಕಾರ್ಯಕ್ರಮ ‘ಎಲ್ ಚಾವೊ ದೆಲ್ ಒಚೊ’ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ಇಲ್ಲಿ ಟೆಕ್ಸಸ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಮೆಕ್ಸಿಕೋದವರು ಇದರ ಡೈಲಾಗ್ ಇಲ್ಲದೆ ಒಂದು ಮಾತು ಮುಗಿಸುವುದಿಲ್ಲ. ಯಾರಾದರೂ ಕಾಫಿ ಚೆಲ್ಲಿದರೆ ತಕ್ಷಣ ‘ಫ್ವೆ ಸಿನ್ ಕೆರೆರ್ ಕೆರಿಯೆಂದೊ’. ಅಂದರೆ, ಬೇಕಂತ ಮಾಡಲಿಲ್ಲ, ಬೇಕಂತಲೇ ಆಯ್ತು. ಅವರಿಂದ ಕೇಳಿ ಕೇಳಿ ನಾನೂ ನೋಡೋಕೆ ಶುರು ಮಾಡಿದೆ, ಈಗ ಬಿಡೋಕಾಗ್ತಿಲ್ಲ.

ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. ಒಂದು ವಠಾರ. ನಡುವೆ ಅಂಗಳ, ಸುತ್ತ ಬಾಗಿಲುಗಳು, ಒಂದು ಮರದ ಪೀಪಾಯಿ. ಆ ಪೀಪಾಯಿಯಲ್ಲಿ ಅವಿತುಕೊಳ್ಳುವ ಎಂಟು ವರ್ಷದ ಅನಾಥ ಹುಡುಗ ಚಾವೊ. ಆ ಪಾತ್ರ ಮಾಡಿದ್ದು ನಲವತ್ತು ದಾಟಿದ ರೊಬೆರ್ತೊ ಗೊಮೆಸ್ ಬೊಲಾನ್ಯೊಸ್. ಬರೆದದ್ದೂ ಆತನೇ. ಎಲ್ಲರೂ ಚೆಸ್ಪಿರಿತೊ ಅಂತ ಕರೀತಾರೆ, ‘ಪುಟ್ಟ ಶೇಕ್ಸ್‌ಪಿಯರ್’ ಅನ್ನೋದರ ಮುದ್ದು ರೂಪ. 1970ರ ದಶಕದ ಶುರುವಿನಲ್ಲಿ ಬೇರೊಂದು ಕಾರ್ಯಕ್ರಮದ ಒಳಗಿನ ಸಣ್ಣ ಸ್ಕೆಚ್ ಆಗಿತ್ತು. 1973ರಿಂದ 1980ರ ತನಕ ಸ್ವಂತ ಕಾರ್ಯಕ್ರಮ. ಆಮೇಲೆ ಮತ್ತೆ ‘ಚೆಸ್ಪಿರಿತೊ’ ಅನ್ನೋ ಒಂದು ಗಂಟೆಯ ಕಾರ್ಯಕ್ರಮದ ಒಳಗೆ ಸ್ಕೆಚ್ ಆಗಿ 1992ರವರೆಗೆ ನಡೀತು.

ನನ್ನ ಪ್ರಶ್ನೆ ಇಷ್ಟೇ. ಇದರಲ್ಲಿ ಇರೋದೇ ಹತ್ತೋ ಹದಿನೈದೋ ಜೋಕು. ಅವೇ ತಿರುಗಾ ಮುರುಗಾ ಬರ್ತವೆ. ಕೀಕೊ ಅಂತ ಒಬ್ಬ ಉಬ್ಬಿದ ಕೆನ್ನೆಯ ಹುಡುಗ, ನಾವಿಕನ ಬಟ್ಟೆ ಹಾಕ್ಕೊಂಡಿರ್ತಾನೆ. ಅವನಿಗೆ ಚಾವೊನೋ ಚಿಲಿಂದ್ರಿನಾ ಅನ್ನೋ ಹುಡುಗಿಯೋ ಏನೋ ಮಾಡ್ತಾರೆ. ಅವನು ಗೋಡೆಗೆ ಮುಖ ಒತ್ತಿ ಅಳ್ತಾನೆ. ಅವರಮ್ಮ ದೋನ್ಯಾ ಫ್ಲೊರಿಂದಾ ತಲೆತುಂಬ ಕರ್ಲರ್ ಹಾಕ್ಕೊಂಡೇ ಹೊರಗೆ ಬರ್ತಾಳೆ, ಪಕ್ಕದಲ್ಲಿ ಸುಮ್ನೆ ನಿಂತಿರೋ ನೆರೆಮನೆಯ ದೋನ್ ರಾಮೋನ್ ಕಣ್ಣಿಗೆ ಬೀಳ್ತಾನೆ, ಒಂದು ಮಾತು ಕೇಳದೆ ಫಟಾರ್ ಅಂತ ಕೆನ್ನೆಗೆ ಬಿಡ್ತಾಳೆ. ‘ಬಾ ಬಂಗಾರ, ಈ ಪುಂಡುಪೋಕರಿಗಳ ಜೊತೆ ಸೇರಬೇಡ.’ ಮಗ ಬಂದು ರಾಮೋನ್‌ನ ಎದೆಗೆ ತಳ್ಳಿ ‘ಚುಸ್ಮಾ, ಚುಸ್ಮಾ (ಪುಂಡುಪೋಕರಿ), ಪ್ರ್‌ರ್!’ ಅಂದು ಹೋಗ್ತಾನೆ. ಇವಳು ಹೋಗೋ ಮುಂಚೆ ‘ಇನ್ನೊಂದು ಸಲ ಚಿವುಟಬೇಕು ಅನಿಸಿದ್ರೆ ನಿಮ್ಮ ಅಜ್ಜಿಯನ್ನ ಹೋಗಿ ಚಿವುಟಿ’ ಅಂತಾಳೆ. ಆಗ ಚಾವೊ ಬಹಳ ಕಾಳಜಿಯಿಂದ ಬಂದು ಕೇಳ್ತಾನೆ: ‘ದೋನ್ ರಾಮೋನ್, ನಿಮ್ಮ ಅಜ್ಜಿಗೆ ಚಿವುಟಿಸಿಕೊಳ್ಳೋದು ಇಷ್ಟಾನಾ?’ ರಾಮೋನ್ ಟೋಪಿ ಕಿತ್ತು ನೆಲಕ್ಕೆ ಬಿಸಾಕಿ ತುಳೀತಾನೆ, ಚಾವೊ ತಲೆಗೆ ಒಂದು ಮೊಟಕ್ತಾನೆ. ಚಾವೊ ‘ಪಿ ಪಿ ಪಿ ಪಿ’ ಅಂತ ಅಳ್ತಾ ಹೋಗಿ ಪೀಪಾಯಿಗೆ ಇಳೀತಾನೆ.

ಇಷ್ಟೇ. ಇದನ್ನ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಪ್ರತಿ ಸಲ ಅಜ್ಜಿ ವಿಷಯ ಬರೋ ಮುಂಚೆಯೇ ನಗು ಶುರು ಆಗಿರುತ್ತೆ. ಯಾಕೆ?

ಕಡಲೆಪುರಿ
ನಾನು ಒಂದಷ್ಟು ನೋಡಿ ಬಿಟ್ಟೆ ಮಾರಾಯರೇ. ಮಗುವಿನ ತಲೆಗೆ ಮೊಟಕೋದು ಜೋಕು. ದಪ್ಪಗಿರೋ ಓನರ್ ಜೋಕು, ಅವನ ಹೆಸರೇ ‘ಹೊಟ್ಟೆ’. ಒಂಟಿ ಹೆಂಗಸನ್ನ ‘71ನೇ ನಂಬರಿನ ಮಾಟಗಾತಿ’ ಅನ್ನೋದು ಜೋಕು. ಮೇಷ್ಟ್ರು ಉದ್ದ ಇದ್ದಾರೆ ಅಂತ ಜಿರಾಫೆ ಹೆಸರು, ಮಕ್ಕಳು ಕರೆಯೋದು ‘ಲೊಂಗಾನಿಸಾ ಮೇಷ್ಟ್ರು’ ಅಂತ, ಅದು ಉದ್ದನೆಯ ಸಾಸೇಜು. ಹಸಿದ ಹುಡುಗ ಹ್ಯಾಮ್ ತೋರ್ತಾ (ಮೆಕ್ಸಿಕೋದ ಸ್ಯಾಂಡ್‌ವಿಚ್) ಅಂದ ತಕ್ಷಣ ಬಾಯಿ ಬಿಡೋದೂ ಜೋಕು. ಇದರಲ್ಲಿ ಪ್ರೀತಿ ಪಡೋದು ಏನಿದೆ ನನಗೆ ಗೊತ್ತಾಗ್ಲಿಲ್ಲ.

ಸುಬ್ಬಿ_ಶಿರಸಿ
ಕಡಲೆಪುರಿ ಅವರೇ, ನೀವು ಹೇಳಿದ್ದು ಒಂದೂ ಸುಳ್ಳಲ್ಲ. ಆದ್ರೆ ಬಾಡಿಗೆಯ ಜೋಕನ್ನ ಸ್ವಲ್ಪ ಗಮನಿಸಿ ನೋಡಿ. ದೋನ್ ರಾಮೋನ್ 14 ತಿಂಗಳ ಬಾಡಿಗೆ ಬಾಕಿ ಇಟ್ಟಿದ್ದಾನೆ. ಯಾವ ವರ್ಷದ ಎಪಿಸೋಡ್ ಹಾಕಿದ್ರೂ 14 ತಿಂಗಳೇ. ಹದಿನೈದು ಆಗೋದೇ ಇಲ್ಲ! ಓನರ್ ಸೆನ್ಯೋರ್ ಬರ್ರಿಗಾ ವಸೂಲಿಗೆ ಬರ್ತಾನೆ, ಅಂಗಳಕ್ಕೆ ಕಾಲಿಟ್ಟ ಕೂಡಲೇ ಚಾವೊ ಕೈಯಿಂದ ಚೆಂಡೋ ಇನ್ನೇನೋ ಬಂದು ಮುಖಕ್ಕೆ ಬಡಿಯುತ್ತೆ. ‘ಈ ಚಾವೊನೇ ಆಗಬೇಕಿತ್ತಾ!’ ಅಂತ ಕಿರುಚ್ತಾನೆ. ಆ ಗಲಾಟೆಯಲ್ಲಿ ರಾಮೋನ್ ಕಿಟಕಿಯಿಂದ ಹಾರಿ ಓಡ್ತಾನೆ.

ಈಗ ಯೋಚಿಸಿ. ಇಷ್ಟು ವರ್ಷ ಬಾಡಿಗೆ ಕೊಡದವನನ್ನ ಆ ಓನರ್ ಹೊರಗೆ ಹಾಕಲೇ ಇಲ್ಲ. ಬೈತಾನೆ, ಬೆದರಿಸ್ತಾನೆ, ಪುಸ್ತಕ ತೆರೆದು ಲೆಕ್ಕ ತೋರಿಸ್ತಾನೆ, ಹೋಗ್ತಾನೆ. ಜೋಕು ಮುಂದುವರೀಬೇಕಾದ್ರೆ ರಾಮೋನ್ ಅಲ್ಲೇ ಇರಬೇಕು. ರಾಮೋನ್ ಅಲ್ಲೇ ಇರಬೇಕಾದ್ರೆ ಓನರ್ ಒಳ್ಳೆಯವನಾಗಿರಬೇಕು. ಬರೆದವನು ಇದನ್ನ ಎಲ್ಲೂ ಬಾಯಿ ಬಿಟ್ಟು ಹೇಳೋದಿಲ್ಲ, ಪಾತ್ರ ಯಾವುದೂ ಭಾಷಣ ಮಾಡೋದಿಲ್ಲ. ಅದೇ ಜೋಕು ನೂರು ಸಲ ಬಂದದ್ದರಿಂದಲೇ ನಮಗೆ ಗೊತ್ತಾಗೋದು. ಒಂದೇ ಸಲ ಬಂದಿದ್ದರೆ ಅದು ಬರೀ ಬಾಡಿಗೆ ಜಗಳ.

ಹ್ಯೂಸ್ಟನ್‌ವಾಸಿ
ಸುಬ್ಬಿಯವರೇ, ಭಲೇ! ನಾನು ಈ ಕಡೆಯಿಂದ ಯೋಚಿಸಿರಲಿಲ್ಲ. 1977ರ ಅಕಾಪುಲ್ಕೊ ಎಪಿಸೋಡುಗಳಲ್ಲೂ ಅದೇ ಆಗೋದು. ವಠಾರದವರೆಲ್ಲ ರಜಕ್ಕೆ ಸಮುದ್ರತೀರಕ್ಕೆ ಹೊರಟುಬಿಡ್ತಾರೆ, ಚಾವೊ ಒಬ್ಬನೇ ಅಂಗಳದಲ್ಲಿ ಉಳೀತಾನೆ. ಅವನನ್ನ ಕರ್ಕೊಂಡು ಹೋಗೋದು ಯಾರು? ದಿನಾ ಅವನ ಕೈಯಿಂದ ಏಟು ತಿನ್ನೋ ಅದೇ ಬರ್ರಿಗಾ.

ರಾತ್ರಿಪಾಳಿ
ನನಗೆ ಇಷ್ಟ ಮೇಷ್ಟ್ರ ಕಾಫಿ. ಪ್ರೊಫೆಸರ್ ಹಿರಾಫಾಲೆಸ್ ಹೂಗುಚ್ಛ ಹಿಡಿದು ಬರ್ತಾರೆ, ಫ್ಲೊರಿಂದಾ ಬಾಗಿಲು ತೆಗೀತಾಳೆ, ಸಂಗೀತ ಶುರು, ಇಬ್ಬರೂ ಕಣ್ಣು ಮಿಟುಕಿಸದೆ ನಿಂತುಬಿಡ್ತಾರೆ. ‘ಒಳಗೆ ಬಂದು ಒಂದು ಕಪ್ ಕಾಫಿ ಕುಡೀತೀರಾ?’ ‘ತೊಂದರೆ ಆಗೋದಿಲ್ಲ ತಾನೇ?’ ‘ಇಲ್ಲಪ್ಪ, ಬನ್ನಿ.’ ‘ನೀವು ಮೊದಲು.’ ಒಂದಕ್ಷರ ಬದಲಾಗೋದಿಲ್ಲ. ವರ್ಷಗಟ್ಟಲೆ ಕಾಫಿ ಕುಡಿದೇ ಕುಡಿದರು, ಮದುವೆ ಮಾತ್ರ ಇಲ್ಲ 😄

ಇದರ ಮಜಾ ಏನಂದ್ರೆ ಒಂದು ಕ್ಷಣದ ಹಿಂದೆ ಅದೇ ಹೆಂಗಸು ಒಬ್ಬನ ಕೆನ್ನೆಗೆ ಬಾರಿಸಿರ್ತಾಳೆ. ಕೋಪ ಇನ್ನೂ ಮುಖದ ಮೇಲಿರುತ್ತೆ. ಮೇಷ್ಟ್ರು ಕಂಡ ಕೂಡಲೇ ಮುಖ ಕರಗುತ್ತೆ. ಫ್ಲೊರಿಂದಾ ಮೆಸಾ ಈ ಬದಲಾವಣೆಯನ್ನ ಮಾಡೋದು ನೋಡಬೇಕು, ಅರ್ಧ ಸೆಕೆಂಡೂ ಹಿಡಿಯೋದಿಲ್ಲ. ಆಕೆಯೇ ಪೋಪಿಸ್ ಅನ್ನೋ ಹುಡುಗಿಯ ಪಾತ್ರವನ್ನೂ ಮಾಡ್ತಿದ್ದಳು. ಓನರ್ ಪಾತ್ರದ ಎದ್ಗರ್ ವಿವಾರ್ ಕೂಡ ಹಾಗೇ, ಅವನ ಮಗ ನ್ಯೋನ್ಯೊ ಕೂಡ ಅವನೇ.

ಗಿರಗಟ್ಲೆ
ಟಾ ಟಾ ಟಾ ಟಾ ಟಾ!

(ಮೇಷ್ಟ್ರಿಗೆ ಕೋಪ ಬಂದಾಗ. ನೋಡಿದವರಿಗೆ ಗೊತ್ತು.)

ಕಡಲೆಪುರಿ
ಸರಿ, ಬಾಡಿಗೆ ವಿಷಯ ಒಪ್ಪಿದೆ. ಮಗುವಿಗೆ ಹೊಡೆಯೋದು?

ಸುಬ್ಬಿ_ಶಿರಸಿ
ಅದನ್ನ ಸಮರ್ಥಿಸೋಕೆ ಹೋಗಲ್ಲ. ಆ ಕಾಲದ ವಠಾರದಲ್ಲಿ ಹಾಗೇ ಇತ್ತು ಅನ್ನೋದೂ ಉತ್ತರ ಅಲ್ಲ. ಆದ್ರೆ ಒಂದು ಎಪಿಸೋಡ್ ಹೇಳ್ತೀನಿ. ವಠಾರದಲ್ಲಿ ಸಾಮಾನು ಕಳುವಾಗುತ್ತೆ. ಎಲ್ಲರೂ ಚಾವೊನೇ ಕದ್ದಿದ್ದು ಅಂತ ತೀರ್ಮಾನಿಸಿ ‘ಕಳ್ಳ, ಕಳ್ಳ’ ಅಂತಾರೆ. ಆ ಕೂಗು ನಿಲ್ಲದೆ ಬರ್ತಾ ಹೋಗುತ್ತೆ, ಅದೂ ಒಂದು ಥರ ಪದೇ ಪದೇ ಬರೋ ಜೋಕಿನ ಲಯವೇ. ಆದ್ರೆ ಈ ಸಲ ನಗು ಇಲ್ಲ. ಹುಡುಗ ಕೋಲಿಗೆ ಗಂಟು ಕಟ್ಟಿಕೊಂಡು ವಠಾರ ಬಿಟ್ಟು ಹೋಗಿಬಿಡ್ತಾನೆ. ಕದ್ದವನು ಬೇರೆ ಒಬ್ಬ ಬಾಡಿಗೆದಾರ. ಚಾವೊ ತಿರುಗಿ ಬಂದಾಗ ಹೇಳ್ತಾನೆ, ಚರ್ಚಿಗೆ ಹೋಗಿದ್ದೆ, ಕಳ್ಳ ಒಳ್ಳೆಯವನಾಗಲಿ ಅಂತ ಬೇಡಿಕೊಂಡೆ ಅಂತ. ಆ ಕಳ್ಳ ಅಲ್ಲೇ ನಿಂತು ಕೇಳಿಸಿಕೊಳ್ತಿರ್ತಾನೆ.

ಅಂದರೆ ಬರೆದವನಿಗೆ ಗೊತ್ತಿತ್ತು. ಎಂದಿನ ಹಾಗೆ ತಪ್ಪು ಮಾಡದವನಿಗೆ ಏಟು ಬೀಳೋದನ್ನೇ ತಗೊಂಡು, ನಗುವಿಗೆ ಜಾಗ ಕೊಡದೆ ತೋರಿಸಿದ. ದೋನ್ ರಾಮೋನ್‌ಗೆ ಬೀಳೋ ಕಪಾಳಮೋಕ್ಷವೂ ಅದೇ ತಾನೇ? ವಿಚಾರಣೆ ಇಲ್ಲ, ಅಪ್ಪೀಲು ಇಲ್ಲ. ಬಾಯಿ ತೆಗೆಯೋಷ್ಟರಲ್ಲಿ ಏಟು. ಬಡವನ ಮಾತನ್ನ ಯಾರೂ ಕೇಳೋದಿಲ್ಲ ಅನ್ನೋದು ಮೆಕ್ಸಿಕೋದ ನೋಡುಗರಿಗೆ ಹೊಸ ವಿಷಯ ಆಗಿರಲಿಲ್ಲ. ಆ ಹೆಂಗಸೂ ಅದೇ ವಠಾರದಲ್ಲಿ ಬಾಡಿಗೆಗೆ ಇರೋಳು, ಆದ್ರೂ ಉಳಿದವರೆಲ್ಲ ಪುಂಡುಪೋಕರಿಗಳು!

ಕಡಲೆಪುರಿ
ಹ್ಮ್. ಆ ಎಪಿಸೋಡ್ ನೋಡ್ತೀನಿ. ಮೊಟಕೋದು ಮಾತ್ರ ನನಗೆ ಇನ್ನೂ ಸಹಿಸೋಕಾಗಲ್ಲ, ಅದನ್ನ ಬರೆದಿಟ್ಕೊಳ್ಳಿ.

ಮಿಡತೆಮಾಮ
ಯಾರೂ ಚಪುಲಿನ್ ಕೊಲೊರಾದೊ ಬಗ್ಗೆ ಮಾತಾಡ್ಲಿಲ್ವಲ್ಲ! ಅದೇ ಚೆಸ್ಪಿರಿತೊ, ಕೆಂಪು ಬಟ್ಟೆ, ಎದೆ ಮೇಲೆ ಹಳದಿ ಹೃದಯ, ತಲೆ ಮೇಲೆ ಮಿಡತೆಗಿರೋ ಥರ ವಿನೈಲ್‌ನ ಕುಡಿಮೀಸೆ. ಕೆಂಪು ಮಿಡತೆ. ಯಾರಾದರೂ ಕಷ್ಟದಲ್ಲಿ ‘ಅಯ್ಯೋ, ಈಗ ನನ್ನನ್ನ ಕಾಪಾಡೋರು ಯಾರು?’ ಅಂದ್ರೆ ಸಾಕು, ‘ನಾನು!’ ಅಂತ ಬರ್ತಾನೆ. ಬರೋವಾಗಲೇ ಎಡವಿ ಬೀಳ್ತಾನೆ. ಬಿದ್ದು ಎದ್ದು, ‘ನನ್ನ ಒಂದೊಂದು ಚಲನೆಯೂ ತಣ್ಣಗೆ ಲೆಕ್ಕ ಹಾಕಿದ್ದು’ ಅಂತಾನೆ. ಮುಂದೆ ಏನೇ ಆದ್ರೂ ‘ಮೊದಲಿನಿಂದಲೇ ಅನುಮಾನ ಇತ್ತು’. ಕೈಯಲ್ಲಿ ಪೀಂ ಅನ್ನೋ ಸುತ್ತಿಗೆ, ಜನರನ್ನ ಇದ್ದಲ್ಲೇ ನಿಲ್ಲಿಸೋ ಒಂದು ಹಾರ್ನು, ನುಂಗಿದ್ರೆ ಇಷ್ಟು ಚಿಕ್ಕ ಆಗೋ ಮಾತ್ರೆ.

ಅವನ ಗಾದೆಗಳು ಇನ್ನೂ ಸೊಗಸು. ‘ಹಳೆಯ, ಪ್ರಸಿದ್ಧ ಗಾದೆ ಹೇಳೋ ಹಾಗೆ’ ಅಂತ ಗಂಭೀರವಾಗಿ ಶುರು ಮಾಡಿ ಎರಡು ಗಾದೆಗಳನ್ನ ಕಲಸಿಬಿಡ್ತಾನೆ. ತಿದ್ದೋಕೆ ಹೋಗಿ ಇನ್ನೂ ಕೆಡಿಸ್ತಾನೆ. ಕೊನೆಗೆ ‘ಇರಲಿ, ಅರ್ಥ ಅದೇ’ ಅಂತ ಮುಗಿಸ್ತಾನೆ. ನಮ್ಮಲ್ಲಿ ಆಗಿದ್ರೆ: ಕೈ ಕೆಸರಾದರೆ ಕಾಲು ಚಾಚು… ಅಲ್ಲ, ಹಾಸಿಗೆ ಇದ್ದಷ್ಟು ಬಾಯಿ ಮೊಸರು… ಇರಲಿ, ಅರ್ಥ ಅದೇ.

ಗಿರಗಟ್ಲೆ
ಅಡಿಕೆಗೆ ಹೋದ ಮಾನ ಬೆಳೆಯುವ ಪೈರಿನಲ್ಲಿ ನೋಡು. ಅರ್ಥ ಅದೇ.

ರಾತ್ರಿಪಾಳಿ
ಆಳಾಗಬಲ್ಲವನು ಮನೆಗೆ ಮಾರಿ, ಊರಿಗೆ ಅರಸ 😂

ಮಿಡತೆಮಾಮ
ಹಹ್ಹಾ, ಇಬ್ಬರಿಗೂ ಪೀಂ ಸುತ್ತಿಗೆ ಬಹುಮಾನ. ಅಂದಹಾಗೆ ಅಮೆರಿಕದ ಕಾರ್ಟೂನ್ ‘ಸಿಂಪ್ಸನ್ಸ್’ನಲ್ಲಿ ಸ್ಪ್ಯಾನಿಷ್ ಚಾನೆಲ್ಲಿನಲ್ಲಿ ಒಬ್ಬ ಜೇನುನೊಣದ ವೇಷದವನು ಬರ್ತಾನಲ್ಲ, ಅವನು ಇದೇ ಮಿಡತೆಯನ್ನ ನೋಡಿ ಮಾಡಿದ ಪಾತ್ರ. ಅಮೆರಿಕದಲ್ಲಿ ಇಂಗ್ಲಿಷ್ ಮಾತ್ರ ಬರೋರಿಗೆ ಚೆಸ್ಪಿರಿತೊ ತಲುಪಿದ್ದು ಹೆಚ್ಚಾಗಿ ಹೀಗೆ, ಅಣಕು ರೂಪದಲ್ಲಿ. ಸ್ವಲ್ಪ ಬೇಜಾರಿನ ವಿಷಯವೇ.

ಪಟೇಲರ_ಮೊಮ್ಮಗ
ಚೆಸ್ಪಿರಿತೊನದೇ ಇನ್ನೊಂದು ಜೋಡಿ ಇದೆ, ಲುಕಾಸ್ ಮತ್ತು ಚಪರ್ರೋನ್. ಇಬ್ಬರು ಹುಚ್ಚರು. ‘ಏ ಲುಕಾಸ್.’ ‘ಹೇಳಿ, ಲಿಸೆನ್ಸಿಯಾದೊ (ಪದವೀಧರರನ್ನ ಗೌರವದಿಂದ ಕರೆಯೋದು).’ ‘ಲಿಸೆನ್ಸಿಯಾದೊ!’ ‘ಧನ್ಯವಾದ, ತುಂಬಾ ಧನ್ಯವಾದ.’ ‘ಚೀಸ್‌ದು ಇಲ್ಲ, ಆಲೂಗಡ್ಡೆದು ಮಾತ್ರ.’ (ಸ್ಪ್ಯಾನಿಷ್‌ನಲ್ಲಿ ‘ಪರವಾಗಿಲ್ಲ’ ಅನ್ನೋದೂ ‘ಚೀಸ್‌ದು ಇಲ್ಲ’ ಅನ್ನೋದೂ ಕೇಳೋಕೆ ಹತ್ತಿರ ಹತ್ತಿರ.) ಆಮೇಲೆ ಚಪರ್ರೋನ್ ಕೇಳ್ತಾನೆ, ‘ಗೊತ್ತಾ, ಜನ ಇನ್ನೂ ನಮಗಿಬ್ಬರಿಗೂ ಹುಚ್ಚು ಅಂತಿದ್ದಾರಂತೆ.’ ಪ್ರತಿ ಸ್ಕೆಚ್ಚೂ ಹೀಗೆ. ಅಲ್ಲಿಂದ ಮುಂದೆ ಎಲ್ಲಿಗೆ ಬೇಕಾದ್ರೂ ಹೋಗುತ್ತೆ. ನನ್ನ ಪ್ರಕಾರ ಹ್ಯೂಸ್ಟನ್‌ವಾಸಿಯವರ ಪ್ರಶ್ನೆಗೆ ಉತ್ತರ ಇಲ್ಲಿದೆ. ಶುರು ಗೊತ್ತಿರೋದರಿಂದ ನೋಡುಗ ನಿರಾಳ ಆಗ್ತಾನೆ. ಆಮೇಲೆ ಹೇಳೋ ಹುಚ್ಚುಮಾತು ಎಷ್ಟೇ ವಿಚಿತ್ರ ಇದ್ದರೂ ಜೊತೆಗೆ ಹೋಗ್ತಾನೆ. ಚಾವೊದಲ್ಲಿ ಇದರ ಉಲ್ಟಾ. ಕಥೆ ಎಲ್ಲಿಂದ ಬೇಕಾದ್ರೂ ಶುರು ಆಗಲಿ, ಬಂದು ಸೇರೋದು ಮಾತ್ರ ಆ ಕೆನ್ನೆಗೆ. ನಾವು ನೋಡ್ತಾ ಇರೋದು ಈ ಸಲ ಯಾವ ದಾರಿಯಲ್ಲಿ ಬರುತ್ತೆ ಅಂತ.

ಹ್ಯೂಸ್ಟನ್‌ವಾಸಿ
ದಾರಿ ಬದಲು, ಊರು ಅದೇ. ಒಪ್ಪಿದೆ. ಆದ್ರೆ ಇದು ನಡೆಯೋದು ಆ ನಟರು ಇದ್ದಾಗ ಮಾತ್ರ ಅನಿಸುತ್ತೆ. ಕೀಕೊ ಆಗಿದ್ದ ಕಾರ್ಲೊಸ್ ವಿಯಾಗ್ರಾನ್ 1978ರಲ್ಲಿ ಬಿಟ್ಟ. ದೋನ್ ರಾಮೋನ್ ಆಗಿದ್ದ ರಾಮೋನ್ ವಾಲ್ದೆಸ್ 1979ರಲ್ಲಿ ಹೋದ. 1981ರಲ್ಲಿ ಸ್ವಲ್ಪ ದಿನಕ್ಕೆ ತಿರುಗಿ ಬಂದದ್ದು ಬಿಟ್ಟರೆ ಅಷ್ಟೇ. ಅಳೋಕೆ ಮಗ ಇಲ್ಲ, ಏಟು ತಿನ್ನೋಕೆ ಕೆನ್ನೆ ಇಲ್ಲ. ಫ್ಲೊರಿಂದಾ ಊಟದ ಹೋಟೆಲ್ ಇಟ್ಟಳು, ಕಥೆ ಅಂಗಳದಿಂದ ಅಲ್ಲಿಗೆ ಜರುಗಿತು. ಆಮೇಲಿನದನ್ನ ನೋಡೋಕಾಗುತ್ತೆ, ಆದ್ರೆ ಬಿಗಿ ಇಲ್ಲ.

ರಾತ್ರಿಪಾಳಿ
ಸಾರ್, ಹೈಮಿತೊನ ಮರೆತ್ರಾ? ಪೋಸ್ಟ್‌ಮ್ಯಾನ್. ಯಾವ ಕೆಲಸ ಹೇಳಿದ್ರೂ ‘ಆಯಾಸ ತಪ್ಪಿಸಬೇಕು’ ಅಂತಾನೆ. ಕಾಗದದ ಚೀಲ ಕೊಟ್ಟು ನೀನೇ ಹುಡುಕ್ಕೋ ಅಂತಾನೆ. ಸೈಕಲ್ ಹೊಡೆಯೋಕೆ ಬರಲ್ಲ, ಆದ್ರೂ ಎಲ್ಲಿ ಹೋದ್ರೂ ತಳ್ಕೊಂಡೇ ಹೋಗ್ತಾನೆ. ಊರಿನ ಮೇಲೆ ಮಾತ್ರ ಎಲ್ಲಿಲ್ಲದ ಅಭಿಮಾನ, ‘ನನ್ನ ತಂಗಾಮಂದಾಪಿಯೊ’ ಅಂತ ಕಣ್ಣಲ್ಲಿ ನೀರು. ಅದು ಮಿಚೋಕಾನ್ ರಾಜ್ಯದಲ್ಲಿರೋ ನಿಜವಾದ ಊರು. 2012ರಲ್ಲಿ ಆ ಊರಿನವರು ಹೈಮಿತೊನ ಪ್ರತಿಮೆ ನಿಲ್ಲಿಸಿದ್ದಾರೆ, ಸೈಕಲ್ ಸಮೇತ. ಒಂದು ಜೋಕಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಸುಬ್ಬಿ_ಶಿರಸಿ
ಹೈಮಿತೊ ಚೆನ್ನಾಗಿದ್ದಾನೆ, ಆದ್ರೆ ರಾಮೋನ್ ವಾಲ್ದೆಸ್ ಬೇರೆಯೇ. ಬಡಕಲು ಮೈ, ಹರಿದ ಜೀನ್ಸು, ಕಪ್ಪು ಟೀ ಶರ್ಟು. ಅವನ ಅಣ್ಣ ತಿನ್ ತಾನ್ ಮೆಕ್ಸಿಕೋ ಸಿನಿಮಾದ ದೊಡ್ಡ ಹಾಸ್ಯನಟ, ತಮ್ಮ ಮಾನುಯೆಲ್ ‘ಎಲ್ ಲೋಕೊ’ ವಾಲ್ದೆಸ್ ಕೂಡ ಹಾಸ್ಯನಟ. ಇವನು ಸಿನಿಮಾದಲ್ಲಿ ಸಣ್ಣಪುಟ್ಟ ಪಾತ್ರ ಮಾಡ್ಕೊಂಡಿದ್ದ. ‘ಕೆಟ್ಟ ಕೆಲಸ ಅಂತ ಯಾವುದೂ ಇಲ್ಲ, ಕೆಲಸ ಮಾಡಬೇಕಾಗೋದೇ ಕೆಟ್ಟದ್ದು’ ಅಂತ ಇವನ ಬಾಯಲ್ಲಿ ಕೇಳಬೇಕು. ಏಟು ಬಿದ್ದ ಮೇಲೆ ಅವನ ಮುಖ ಗಮನಿಸಿ. ಅವಮಾನ, ಸಿಟ್ಟು, ಹೆಂಗಸಿನ ಮೇಲೆ ಕೈ ಎತ್ತಬಾರದು ಅನ್ನೋ ಮರ್ಯಾದೆ, ಎಲ್ಲ ಒಟ್ಟಿಗೆ. ಆಮೇಲೆ ಪಾಪ ಟೋಪಿ ಮೇಲೆ ತೀರಿಸಿಕೊಳ್ತಾನೆ. ಬ್ರೆಜಿಲ್‌ನಲ್ಲಂತೂ ಅವನು ದೇವರು. ಅಲ್ಲಿ ಪೋರ್ಚುಗೀಸ್ ಡಬ್ಬಿಂಗ್‌ನಲ್ಲಿ ‘ಸೆವು ಮದ್ರುಗಾ’. 1984ರಿಂದ ಎಸ್‌ಬಿಟಿ ಚಾನೆಲ್ ಹಾಕ್ತಾ ಬಂದಿತ್ತು.

ಪಟೇಲರ_ಮೊಮ್ಮಗ
ನಗುವಿನ ಸದ್ದಿನ ಬಗ್ಗೆ ಒಂದು ಮಾತು. ಹಳೆ ಎಪಿಸೋಡುಗಳಲ್ಲಿ ರೆಕಾರ್ಡ್ ಮಾಡಿದ ನಗು ಇದೆ. 80ರ ದಶಕದಲ್ಲಿ ಅದನ್ನ ತೆಗೆದುಬಿಟ್ಟರು. ‘ನೋಡುಗರ ಮೇಲಿನ ಗೌರವದಿಂದ ಈ ಕಾರ್ಯಕ್ರಮದಲ್ಲಿ ರೆಕಾರ್ಡ್ ಮಾಡಿದ ನಗು ಇಲ್ಲ’ ಅಂತ ಹೇಳಿಯೇ ಶುರು ಮಾಡ್ತಿದ್ದರು. ಗೌರವ ಸರಿ, ಆದ್ರೆ ನನಗೆ ಆ ಖಾಲಿ ಜಾಗ ಸ್ವಲ್ಪ ಕಿರಿಕಿರಿ. ಏಟಿನ ನಂತರ ಒಂದು ಉಸಿರು ಬಿಡೋ ಜಾಗ ಬೇಕು, ನಗು ಅದನ್ನ ತುಂಬ್ತಿತ್ತು.

ಟೈಟಲ್ ಸಂಗೀತವೂ ಮಜವಾಗಿದೆ. ಫ್ರಾನ್ಸಿನ ಜಾನ್-ಜಾಕ್ ಪೆರೆ 1970ರಲ್ಲಿ ಮಾಡಿದ ಎಲೆಕ್ಟ್ರಾನಿಕ್ ತುಣುಕು ಅದು. ಅದರ ಮೂಲ ಬೀಥೋವನ್‌ನ ಟರ್ಕಿಶ್ ಮಾರ್ಚ್. ಆ ತುಣುಕಿನ ಹೆಸರು ‘ಆನೆ ಎಂದೂ ಮರೆಯೋದಿಲ್ಲ’. ಮೆಕ್ಸಿಕೋದ ವಠಾರಕ್ಕೆ ಬೀಥೋವನ್ ಬಂದದ್ದು ಆನೆಯ ಹೆಸರಲ್ಲಿ.

ಗಿರಗಟ್ಲೆ
ಹೆಸರಿನ ‘ಒಚೊ’ ಅಂದ್ರೆ ಎಂಟು, ಚಾನೆಲ್ 8ರಲ್ಲಿ ಬರ್ತಿತ್ತು ಅಂತ. ಆಮೇಲೆ ಚಾನೆಲ್ ಬದಲಾಯ್ತು. ಆಗ ಹುಡುಗ 8ನೇ ನಂಬರ್ ಮನೆಯಲ್ಲಿ ಇರೋದು, ಪೀಪಾಯಿ ಬರೀ ಅವಿತುಕೊಳ್ಳೋಕೆ ಅಂದುಬಿಟ್ಟರು. ಆ ಮನೆ ಯಾರೂ ನೋಡಿಲ್ಲ. ನಿಜವಾದ ಹೆಸರು ಹೇಳೋಕೆ ಬಾಯಿ ತೆಗೆದಾಗಲೆಲ್ಲ ಯಾರಾದರೂ ಅಡ್ಡ ಬರ್ತಾರೆ. ಅದೂ ಜೋಕೇ.

ಕಡಲೆಪುರಿ
ಆ ಕಳ್ಳನ ಎಪಿಸೋಡ್ ನೋಡಿದೆ. ಏನೂ ಹೇಳಲ್ಲ. ಮುಂದೆ ಯಾವುದು ನೋಡಲಿ? ಮೊಟಕೋದು ಕಡಿಮೆ ಇರೋದು ಹೇಳಿ.

ಹ್ಯೂಸ್ಟನ್‌ವಾಸಿ
ಅಕಾಪುಲ್ಕೊ. ಅದು ಬಿಟ್ಟರೆ ಶಾಲೆಯ ಎಪಿಸೋಡುಗಳು, ಅಲ್ಲಿ ಏಟು ಕಡಿಮೆ, ಮಾತು ಜಾಸ್ತಿ. ಪ್ರಸಾರದ ಹಕ್ಕು ಯಾರದ್ದು ಅನ್ನೋ ಜಗಳದಿಂದ 2020ರ ಆಗಸ್ಟ್‌ನಿಂದ ಎಲ್ಲೆಡೆ ಪ್ರಸಾರ ನಿಂತಿತ್ತು, 2024ರಲ್ಲಿ ಮತ್ತೆ ಶುರು ಆಯ್ತು. ಆ ನಾಲ್ಕು ವರ್ಷ ಇಲ್ಲಿನವರ ಗೋಳು ಕೇಳಬೇಕಿತ್ತು ನೀವು.

ರಾತ್ರಿಪಾಳಿ
ಕಡಲೆಪುರಿ ಮೇಡಂ, 71ನೇ ನಂಬರಿನವಳದ್ದೂ ನೋಡಿ. ಮಕ್ಕಳು ಹೆದರ್ತಾ ಅವಳ ಮನೆ ಹತ್ತಿರ ಹೋಗ್ತಾರೆ. ಒಳಗಿಂದ ಅವಳು ‘ಸತನಾಸ್!’ ಅಂತ ಕೂಗ್ತಾಳೆ, ಅಂದ್ರೆ ಸೈತಾನ. ಮಕ್ಕಳಿಗೆ ಕೈಕಾಲು ನಡುಕ. ಅದು ಅವಳು ಸಾಕಿದ ಪ್ರಾಣಿಯ ಹೆಸರು. ಆ ಪಾತ್ರ ಮಾಡಿದ ಆಂಹೆಲಿನೆಸ್ ಫೆರ್ನಾಂದೆಸ್ ಮ್ಯಾಡ್ರಿಡ್‌ನವಳು, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ವಿರುದ್ಧ ನಿಂತವಳು, 1947ರಲ್ಲಿ ಸ್ಪೇನ್ ಬಿಟ್ಟವಳು. ಅಂಥವಳಿಗೆ ಕೇಕ್ ಮಾಡ್ಕೊಂಡು ದೋನ್ ರಾಮೋನ್ ಹಿಂದೆ ಓಡೋದೇ ಕೆಲಸ.

ಕಡಲೆಪುರಿ
ಅವನು ಕೇಕ್ ತಿಂತಾನಾ?

ರಾತ್ರಿಪಾಳಿ
ಕೇಕ್ ತಿಂತಾನೆ. ಅವಳಿಂದ ಮಾತ್ರ ಓಡಿಹೋಗ್ತಾನೆ.